ಅಣ್ಣನ ಎಡಗೈ

ಅಣ್ಣ ಬೀಳುವಾಗಲೆಲ್ಲ ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ. ಎಂಬತ್ತರ ದಶಕದ ಆರಂಭ. ಬೈಕಂಪಾಡಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನು ಸಂಜೆ ಕೂಳೂರು ಸೇತುವೆ ದಾಟಿ ಮನೆಗೆ ಬಂದ ಮೇಲೆ, ಇಬ್ಬರೂ ಕೊಡಿಯಾಲ್‌ಬೈಲಿನ ಜೂಡೋ ಕ್ಲಾಸಿಗೆ ಹೋಗುತ್ತಿದ್ದೆವು. ತೆಂಗಿನ ನಾರು ತುಂಬಿ ಟಾರ್ಪಾಲು ಹೊದಿಸಿದ ಚಾಪೆ. ಬಿದ್ದದ್ದು ಬೆನ್ನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಅಣ್ಣ ಚಿಕ್ಕಂದಿನಿಂದ ಕಬಡ್ಡಿ ಆಡಿದವನು. ಅಲ್ಲಿ ಬೀಳುವಾಗ ಕೈ ಚಾಚಿ ಗೆರೆ ಮುಟ್ಟಿದರೆ ಬದುಕಿದ ಹಾಗೆ. ಆ ಅಭ್ಯಾಸ ಮೈಗೆ ಹತ್ತಿತ್ತು. ಜೂಡೋದಲ್ಲಿ ಬೀಳುವವನು ಕೈ ಊರಬಾರದು, ಊರಿದರೆ ಮೈಭಾರಕ್ಕೆ ಕೈ ಮುರಿಯುತ್ತದೆ; ಮೈ ಮುದುಡಿ ಉರುಳಬೇಕು. ಮಾಸ್ಟ್ರು ಹೇಳಿ ಹೇಳಿ ಸೋತರು.

ಅವರು ಕಲಿಸಿದ ಎರಡು ಎಸೆತಗಳು ನೋಡಲು ಅವಳಿಗಳ ಹಾಗೆ. ಎರಡರಲ್ಲೂ ಎದುರಾಳಿಯ ತೋಳು ಎಳೆದು, ಅವನಿಗೆ ಬೆನ್ನು ಹಾಕಿ ತಿರುಗಿ, ಮುಂದಕ್ಕೆ ಕೆಡವುವುದೇ. ಸೆಯೋಯಿ ನಾಗೆಯಲ್ಲಿ ಎಸೆಯುವವನ ಎರಡೂ ಪಾದಗಳು ಎದುರಾಳಿಯ ಕಾಲುಗಳ ನಡುವೆ ಬರುತ್ತವೆ; ಮಂಡಿ ಬಗ್ಗಿಸಿ ಅವನನ್ನು ಬೆನ್ನ ಮೇಲೆ ಹೊತ್ತು ಹಾಕಬೇಕು. ನೆಟ್ಟಗೆ ನಿಂತು ಮೈಮೇಲೆ ನುಗ್ಗುವವನಿಗೆ ಅದು ಸರಿ. ತಾಯ್ ಒತೋಶಿಯಲ್ಲಿ ಹೊರುವುದೇ ಇಲ್ಲ. ಒಂದು ಕಾಲನ್ನು ಅವನ ಕಾಲಿನಾಚೆ ಅಡ್ಡ ಚಾಚಿ, ಅದರ ಮೇಲೆ ಮುಗ್ಗರಿಸುವಂತೆ ಎಳೆಯುವುದು. ಬಗ್ಗಿ ನಿಂತವನ ಅಡಿಗೆ ನುಗ್ಗಲು ಜಾಗವಿಲ್ಲದಾಗ ಇದು. ಅಣ್ಣ ಕಬಡ್ಡಿಯವನ ಹಾಗೆ ಸದಾ ಬಗ್ಗಿಯೇ ನಿಲ್ಲುತ್ತಿದ್ದ. ಹೊತ್ತು ಹಾಕಿದರೆ ಕೈ ಊರಲು ಅವನಿಗೆ ಸಮಯ ಸಿಗುತ್ತಿರಲಿಲ್ಲ. ಮುಗ್ಗರಿಸಿದರೆ ಸಿಗುತ್ತಿತ್ತು.

ಅಷ್ಟರಲ್ಲಿ ಅವನಿಗೆ ಗಲ್ಫಿನ ವೀಸಾ ಬಂತು. ಬೊಂಬಾಯಿಯಲ್ಲಿ ಮೆಡಿಕಲ್ ತಪಾಸಣೆ ಮಾತ್ರ ಬಾಕಿ. ಅದಕ್ಕೆ ಮೊದಲೇ ಹೊರಗಿನ ತಂಡದ ಜೊತೆ ಒಂದು ಜೂಡೋ ಪಂದ್ಯ.

"ಎಂತಕ್ಕೆ ಮಗಾ ಈಗ ಅದೆಲ್ಲ? ಹೋಗುವವರೆಗೆ ಸುಮ್ಮನೆ ಕೂತ್ಕೊ," ಎಂದರು ಅಮ್ಮ.

"ಇದೊಂದು ಆಡ್ತೇನೆ ಅಮ್ಮ. ಮಾಸ್ಟ್ರಿಗೆ ಮಾತು ಕೊಟ್ಟದ್ದುಂಟು."

ಮಾತು ಕೊಡುವ ಮೊದಲು ನಮ್ಮನ್ನೊಮ್ಮೆ ಕೇಳಬಾರದಿತ್ತೇ? ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಪಂದ್ಯದಲ್ಲಿ ಎದುರಾಳಿ ಮೊದಲು ಸೆಯೋಯಿ ನಾಗೆಗೇ ನುಗ್ಗಿದ. ಅಣ್ಣ ಬಗ್ಗಿದ್ದರಿಂದ ಹೊರಲಾಗಲಿಲ್ಲ. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಹೊರಲಾಗದವನು ಮುಂದೆ ಯಾವುದನ್ನು ಆರಿಸುತ್ತಾನೆಂದು ನನಗೆ ಗೊತ್ತಿತ್ತು. ಅವನು ಮತ್ತೆ ತಿರುಗಿದಾಗ ಪಾದವನ್ನೇ ನೋಡಿದೆ. ಬಲಪಾದ ನಡುವೆ ಬರಲಿಲ್ಲ, ಅಣ್ಣನ ಕಾಲಿನ ಆಚೆಗೆ ಹೋಯಿತು.

"ಅಣ್ಣಾ, ಕೈ," ಎಂದೆ.

ಗೆರೆಯೇ ಇಲ್ಲದ ಚಾಪೆಯ ಮೇಲೆ ಅಣ್ಣ ಎಡಗೈ ಚಾಚಿ ಊರಿದ. ಮೊಣಕೈ ಮುರಿದ ಸದ್ದು ನಾನು ಕೂತಲ್ಲಿಗೂ ಕೇಳಿಸಿತು. ಎದುರಾಳಿ ಬಿಳಿಚಿಕೊಂಡು ನಿಂತಿದ್ದ. ಪಾಪ, ಅವನು ಎಸೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಅಣ್ಣ ಬೊಂಬಾಯಿಯ ಬಸ್ಸು ಹತ್ತಿದ. ಮೆಡಿಕಲ್‌ನಲ್ಲಿ ಡಾಕ್ಟರು ಎರಡೂ ಕೈಗಳನ್ನು ನೇರ ಮುಂದಕ್ಕೆ ಚಾಚಲು ಹೇಳಿದರಂತೆ. ಹೋದಷ್ಟೇ ಬೇಗ ವಾಪಸು ಬಂದ. ಏನಾಯಿತೆಂದು ಅಮ್ಮ ಕೇಳಿದಾಗ, ಬಾಗಿಲಲ್ಲೇ ನಿಂತು ಎಡಗೈ ಚಾಚಿ ತೋರಿಸಿದ; ಮೊಣಕೈ ಬಗ್ಗಿಯೇ ಉಳಿಯಿತು.

"ಇಷ್ಟೇ ಬರುವುದಮ್ಮ," ಎಂದ.