ಮೇಸ್ತ್ರಿ ಹೇಳಿದ್ದು, ನಾನು ಕೇಳಿದ್ದು

ಅವರ ಬಲಗಿವಿಯ ಅಂಚು ಸದಾ ಗ್ರೀಸಿನಿಂದ ಕಪ್ಪಗಿರುತ್ತಿತ್ತು. ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯೂರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸಕಲೇಶಪುರದಲ್ಲಿ ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಆ ಮೇಸ್ತ್ರಿಯ ಗ್ಯಾರೇಜಿನಲ್ಲಿ ಉಸಿರು ಬಿಗಿಹಿಡಿದು ನಿಂತವರೇ.

ಬಾನೆಟ್ ತೆರೆಯುವ ಮೊದಲು ಅವರದೊಂದು ಕಟ್ಟಳೆಯಿತ್ತು: ಗಾಡಿ ಮಾಡುವ ಸದ್ದನ್ನು ತಂದವರು ಬಾಯಲ್ಲೇ ಮಾಡಿ ತೋರಿಸಬೇಕು. ಶಾಲೆಯಲ್ಲಿ ಮಕ್ಕಳನ್ನು ನಡುಗಿಸುತ್ತಿದ್ದ ನನ್ನ ಅಪ್ಪ ಅಲ್ಲಿ "ಟಿಕ್ ಟಿಕ್" ಎಂದು ನಾಲಿಗೆ ಹೊಡೆಯಬೇಕಾಗಿತ್ತು.

"ಇನ್ನೂ ಜೋರಾಗಿ ಮೇಷ್ಟ್ರೇ, ಹಿಂದಿನ ಬೆಂಚಿಗೆ ಕೇಳ್ಬೇಕಲ್ಲ!" ಎಂದು ಮೇಸ್ತ್ರಿ ನಗುತ್ತಿದ್ದರು. "ಹೆದರ್ಬೇಡಿ, ಇದು ಮೇಲ್ಗಡೆ ವಾಲ್ವಿನ ಸದ್ದು. ವಯಸ್ಸಾದೋರ ಗೊಣಗಾಟ ಇದ್ದಂಗೆ. ಕೆಳಗಿಂದ ದಡ್ ದಡ್ ಅಂತ ಗುದ್ದಿದ್ರೆ ಮಾತ್ರ ಒಂದು ಮಾರೂ ಮುಂದೆ ಹೋಗ್ಬಾರ್ದು ಕಣ್ರೀ."

ಆ ಗುದ್ದನ್ನು ನಾನು ಕೇಳಿದ್ದು ಮೂರು ವರ್ಷಗಳ ಹಿಂದೆ, ಅಪ್ಪನ ಕಾರಿಗೆ ಆಯಿಲ್ ಬದಲಿಸಲು ಹೋಗಿದ್ದ ಬೆಳಿಗ್ಗೆ. ಬೆಳಗೋಡು ಕಡೆಯ ಎಸ್ಟೇಟ್ ಮಾಲೀಕರೊಬ್ಬರು ಹಳೆಯ ಕಾರು ತಂದಿದ್ದರು. ಅವರು ಬಾಯಿ ಬಿಡಲೊಲ್ಲರು; ಡ್ರೈವರ್ ತನ್ನ ಎದೆಗೇ ಮುಷ್ಟಿ ಗುದ್ದಿಕೊಂಡು ಸದ್ದು ತೋರಿಸಿದ. ಮೇಸ್ತ್ರಿ ಆಲಿಸಿದರು. ಎಂಜಿನ್ ಆರಿಸಿ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಒಳಗಿನ ಬೇರಿಂಗ್ ಸವ್ದೋಗೈತೆ ಸಾವ್ಕಾರ್ರೇ. ಎಂಜಿನ್ ಯಾವ ಗಳಿಗೇಲಿ ಕಚ್ಕೊಂಡ್ಬುಡ್ತೈತೋ ಹೇಳಕ್ಕಾಗಲ್ಲ. ಗಾಡಿ ಇಲ್ಲೇ ಇರ್ಲಿ."

"ನಾಳೆ ಮಂಗ್ಳೂರಿಂದ ನೆಂಟ್ರನ್ನ ಕರ್ಕೊಂಡ್ಬರ್ಬೇಕು ಮಾರಾಯ. ನಿನ್ನ ಕಣಿ ಆಮೇಲೆ ಹೇಳು, ಕೀ ಕೊಡು."

"ಘಾಟಿ ಇಳಿಸ್ಬೇಡಿ. ಕೈ ಮುಗೀತೀನಿ."

ಮಾಲೀಕರು ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ಕೀಲಿ ಡ್ರೈವರನ ಪಾಲಾಯಿತು.

ಮರುದಿನ ಮಾರನಹಳ್ಳಿ ದಾಟಿದ ಮೇಲೆ, ಇಳಿಜಾರಿನ ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡು ಚಕ್ರಗಳು ಬಿಗಿದು ನಿಂತವು. ಕಾರು ಕಣಿವೆಗೆ ಉರುಳಿತು. ಒಳಗೆ ಡ್ರೈವರ್ ಒಬ್ಬನೇ ಇದ್ದ. ಅವನ ಹೆಣ ಮನೆ ಸೇರುವ ಮೊದಲೇ ಮಾಲೀಕರ ಮಾತು ಊರು ಸೇರಿತ್ತು: ಮೇಸ್ತ್ರಿಯೇ ನೋಡಿ, ಸರಿಯಿದೆ ಎಂದು ಕಳಿಸಿದ.

ಇದನ್ನು ಅಪಘಾತವೆಂದು ಕರೆಯಲು ನಾನು ಒಪ್ಪುವುದಿಲ್ಲ. ಆ ಕಾರಿನಲ್ಲಿ ಆ ಮಾಲೀಕರು ತಮ್ಮ ಮಗನನ್ನು ಕೂರಿಸಿ ಘಾಟಿ ಇಳಿಸುತ್ತಿದ್ದರೇ? ಎಚ್ಚರಿಕೆಯನ್ನು ಕೇಳಿಸಿಕೊಂಡೂ ಮತ್ತೊಬ್ಬನ ಜೀವವನ್ನು ಕಳಿಸಿಕೊಟ್ಟವರು ಉತ್ತರ ಹೇಳಲೇಬೇಕು. ಆದರೆ ಪ್ರಶ್ನೆ ಅವರಲ್ಲಿಗೇ ನಿಲ್ಲುವುದಿಲ್ಲ.

ಮೂರನೆಯ ದಿನ ಮೇಸ್ತ್ರಿ ನಮ್ಮ ಗೇಟಿನ ಬಳಿ ಬಂದು ನಿಂತರು. ಒಳಗೆ ಕರೆದರೂ ಬರಲಿಲ್ಲ.

"ನೀವೂ ಅಲ್ಲೇ ಇದ್ರಲ್ಲವ್ವ. ನಾನು ಹೇಳಿದ್ದನ್ನ ಕೇಳಿದ್ರಲ್ಲ. ಸ್ಟೇಷನ್ನಿಗೆ ಬಂದು ಅಷ್ಟೇ ಹೇಳ್ತೀರಾ?"

ಅಪ್ಪನ ಶಾಲೆಯ ಆಡಳಿತ ಮಂಡಳಿಗೆ ಆ ಮಾಲೀಕರೇ ಅಧ್ಯಕ್ಷರು. ಅಪ್ಪ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ವಿಶ್ವವಿದ್ಯಾಲಯದ ವೇದಿಕೆಗಳಲ್ಲಿ ನ್ಯಾಯದ ಬಗ್ಗೆ ಗುಡುಗುತ್ತಿದ್ದ ನಾನು ಹೇಳಿದ್ದಿಷ್ಟು: "ಪರೀಕ್ಷೆ ಹತ್ತಿರ ಬಂದಿದೆ ಮೇಸ್ತ್ರೀ. ಮುಗಿಯಲಿ."

"ಆಯ್ತವ್ವ. ಚೆನ್ನಾಗಿ ಬರೀರಿ," ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಹಗುರಾಗುತ್ತಿದ್ದೆನೇನೋ.

ಪರೀಕ್ಷೆ ಮುಗಿಯಿತು. ನಾನು ಹೋಗಲಿಲ್ಲ. ಅವರ ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು. ಡ್ರೈವರನನ್ನು ಕೊಂದವನೆಂಬ ಹೆಸರು ಹೊತ್ತುಕೊಂಡೇ ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಈಗ ನನ್ನ ಹೇಳಿಕೆಯನ್ನು ಬರೆದು, ಸಹಿ ಹಾಕಿ ಠಾಣೆಗೆ ಕೊಟ್ಟಿದ್ದೇನೆ. ಅಲ್ಲಿಂದ ಆಲೂರಿನ ಬಳಿಯಿರುವ ಡ್ರೈವರನ ಮನೆಗೆ ಹೋಗಿ, ಅವನ ಹೆಂಡತಿಗೆ ಎಲ್ಲವನ್ನೂ ಹೇಳಿದೆ.

"ಆವಾಗ್ಲೇ ಯಾಕವ್ವ ಹೇಳ್ಲಿಲ್ಲ?"

ಹೇಳಿಕೆಯ ಪ್ರತಿಯನ್ನು ಆಕೆಯ ಮುಂದಿಟ್ಟೆ.

"ಆ ಮೇಸ್ತ್ರಿ ಎಲ್ಡು ಸಲ ಬಂದು ಇದೇ ಜಗ್ಲಿ ಮುಂದೆ ನಿಂತಿದ್ರು," ಎಂದರು ಆಕೆ. "ಏನೋ ಹೇಳಕ್ಕೆ ಬಾಯಿ ತೆಗೆದ್ರು. ನಾನು ಮಕದ ಮೇಲೇ ಬಾಗ್ಲು ಹಾಕ್ಬುಟ್ಟೆ ಕಣವ್ವ."