ಸಂಜೆ ಏಳೂವರೆಯ ಇನ್ಸುಲಿನ್

ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಮೈಸೂರಿನ ಒಂದು ಸಕ್ಕರೆ ಕಾಯಿಲೆ ಕ್ಲಿನಿಕ್ಕಿನಲ್ಲಿ ನಾನು ಹಿರಿಯ ನರ್ಸ್. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಿ, ಪರೀಕ್ಷೆ ಮಾಡಿ, ‘ಇವರಿಗೆ ಬರುತ್ತದೆ’ ಎಂದು ಕಾರ್ಡಿಗೆ ಸಹಿ ಹಾಕುವುದು ನನ್ನ ಕೆಲಸ. ನನ್ನ ಬಾಯಿ ಜೋರು. ತಪ್ಪು ಮಾಡಿದವರಿಗೆ ಅಲ್ಲೇ ಬೈಯುತ್ತಿದ್ದೆ.

ರಾಜೀವನಗರದ ಲೂರ್ದಮ್ಮ ಟೀಚರ್‌ಗೆ ಬೈಯುವ ಪ್ರಸಂಗವೇ ಬರಲಿಲ್ಲ. ವಯಸ್ಸು ಎಪ್ಪತ್ತಾರು, ಗಣಿತ ಹೇಳಿಕೊಟ್ಟವರು. ಬೆಳಿಗ್ಗೆ ಇಪ್ಪತ್ತೆರಡು ಯೂನಿಟ್, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಹನ್ನೆರಡು. ಬೆಳಿಗ್ಗೆ ಒಂಬತ್ತಕ್ಕೆ ನನ್ನೆದುರು ಸಿರಿಂಜಿಗೆ ಎಳೆದು ತೋರಿಸಿದರು. ಒಂದು ಗೆರೆ ಆಚೀಚೆ ಇಲ್ಲ. “ಇನ್ನೇನಾದ್ರೂ ಕೇಳ್ತೀರಾ ಸಿಸ್ಟರ್?” ಎಂದು ನನ್ನನ್ನೇ ಕಿಚಾಯಿಸಿದರು. ಹಿಂದೆಮುಂದೆ ನೋಡದೆ ಸಹಿ ಹಾಕಿದೆ. ಮಗಳು ಸ್ಟೆಲ್ಲಾಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್. ಸಂಜೆ ಟೀಚರ್ ಒಬ್ಬರೇ ಇರುತ್ತಿದ್ದರು.

ಒಂದು ಬಾಟಲಿಯಲ್ಲಿ ನಾನೂರು ಯೂನಿಟ್. ದಿನಕ್ಕೆ ಮೂವತ್ತನಾಲ್ಕರಂತೆ ಹನ್ನೊಂದು ದಿನ ಬರಬೇಕು. ಒಂಬತ್ತನೆಯ ದಿನವೇ ಸ್ಟೆಲ್ಲಾ ಹೊಸ ಬಾಟಲಿಗೆ ಬಂದಳು.

“ಅಮ್ಮಂಗೆ ಬೆಳಗಿನ ಜಾವ ಮೈಯೆಲ್ಲ ಬೆವರು ಸಿಸ್ಟರ್, ಕೈ ನಡುಗುತ್ತೆ. ವಯಸ್ಸಾಯ್ತಲ್ಲ, ಬುಡು ಅಂತಾರೆ.”

ಅದು ಸಕ್ಕರೆ ತೀರಾ ಇಳಿದ ಲಕ್ಷಣ. ಹಾಗೆ ಎಚ್ಚರ ತಪ್ಪಿದವರಲ್ಲಿ ಕೆಲವರು ಮತ್ತೆ ಏಳುವುದೇ ಇಲ್ಲ. ಟೀಚರ್‌ಗೆ ಫೋನ್ ಮಾಡಿದರೆ, ಬೆಳಗಿನದು, ರಾತ್ರಿಯದು ಎರಡೂ ಲೆಕ್ಕ ಪಟಪಟನೆ ಒಪ್ಪಿಸಿದರು. ಡಾಕ್ಟರು ಮಾತ್ರ, “ಇವತ್ತು ಸಂಜೆಯೇ ಹೋಗಿ ನೋಡಿ” ಎಂದರು.

ಏಳೂವರೆಗೆ ಅವರ ಮನೆಯಲ್ಲಿ ಟೀಚರ್ ನನ್ನ ಕಣ್ಣೆದುರೇ ಸರಿಯಾಗಿ ಹನ್ನೆರಡು ಚುಚ್ಚಿಕೊಂಡರು. ಸುಮ್ಮನೆ ಹೆದರಿದೆನಲ್ಲ ಅನ್ನಿಸಿತು. ಊಟದ ಹೊತ್ತಾಗಲೆಂದು ಮಾತಿಗೆ ಕೂತೆವು. ಬೆಳಿಗ್ಗೆಯ ಟೀಚರ್ ಅಲ್ಲ ಇವರು, ಕೇಳಿದ್ದನ್ನೇ ಕೇಳುತ್ತಿದ್ದರು. ಇಪ್ಪತ್ತು ನಿಮಿಷವಾಗಿರಬೇಕು, ಎದ್ದು ಹೋಗಿ ಫ್ರಿಜ್ ತೆರೆದರು. ನೀರಿಗೆ ಅಂದುಕೊಂಡೆ. ಬಂದಾಗ ಕೈಯಲ್ಲಿ ಇನ್ಸುಲಿನ್ ಬಾಟಲಿ, ಹೊಸ ಸಿರಿಂಜು.

“ಮಾತಾಡ್ತಾ ಮರ್ತೇಬುಟ್ಟೆ ಕಣಮ್ಮ. ಇರಿ, ಸೂಜಿ ಹಾಕ್ಕೊಂಡು ಬುಡ್ತೀನಿ.”

ಅವರ ಮಣಿಕಟ್ಟು ಹಿಡಿದುಕೊಂಡೆ. “ಟೀಚರ್, ಆಗ್ಲೇ ಹಾಕ್ಕೊಂಡ್ರಿ.”

“ನಾನಾ? ಯಾವಾಗ?”

ಬಳಸಿದ ಸಿರಿಂಜನ್ನು ಡಬ್ಬಿಯಿಂದ ತೆಗೆದು ತೋರಿಸಿದೆ. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, “ದಿನಾ ಹಿಂಗೇ ಮಾಡಿದೀನಾ ಸಿಸ್ಟರ್?” ಎಂದರು. ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಅವರು ಊಟ ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದೆ.

ವಯಸ್ಸಾದ ಮೇಲೆ ಕೆಲವರಿಗೆ ಬೆಳಗಿನ ಚುರುಕು ಸಂಜೆಗೆ ಉಳಿಯುವುದಿಲ್ಲ ಎಂದು ಡಾಕ್ಟರು ವಿವರಿಸಿದರು, ನೆನಪಿನ ಪರೀಕ್ಷೆಗೂ ಬರೆದುಕೊಟ್ಟರು. ಇಷ್ಟು ವರ್ಷ ನಾನು ಎಲ್ಲರನ್ನೂ ಬೆಳಿಗ್ಗೆಯೇ ಪರೀಕ್ಷಿಸಿದ್ದೆ, ಕ್ಲಿನಿಕ್ ಬಾಗಿಲು ತೆರೆದಿರುವುದು ಆಗ ಅನ್ನುವ ಕಾರಣಕ್ಕೆ. ಎಷ್ಟು ಮನೆಗಳಲ್ಲಿ ಏನಾಗಿದೆಯೋ, ದೇವರೇ ಬಲ್ಲ.

“ಬೆಳಿಗ್ಗೇದು ನನ್ನ ಕೈಯಿಂದ ಕಿತ್ಕೋಬೇಡಿ” ಎಂದು ಟೀಚರ್ ಬೇಡಿಕೊಂಡರು. ಸ್ಟೆಲ್ಲಾ ಫಸ್ಟ್ ಶಿಫ್ಟಿಗೆ ಬದಲಾಯಿಸಿಕೊಂಡಳು. ಬೆಳಗಿನದಕ್ಕೆ ಒಂದೇ ಸಿರಿಂಜು ಹೊರಗಿಟ್ಟು, ಉಳಿದವನ್ನು ಬಚ್ಚಿಟ್ಟು ಹೋಗುವಳು, ಸಂಜೆ ತಾನೇ ಚುಚ್ಚುವಳು. ಬೆವರು ನಿಂತಿತು.

ಯಾವ ಹೊತ್ತಿನಲ್ಲಿ ಮಾಡುವ ಕೆಲಸವೋ ಆ ಹೊತ್ತಿನಲ್ಲೇ ಮನುಷ್ಯರನ್ನು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇದು. ನನಗೀಗ ಅರವತ್ತನಾಲ್ಕು. ಸಂಜೆ ಬಿ.ಪಿ. ಮಾತ್ರೆ ನುಂಗುವಾಗ ಮನೆಯವರನ್ನು ಕರೆದು, “ನೋಡ್ಕೊಳ್ರೀ, ನುಂಗಿದೆ” ಅನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.