ದೊಡ್ಡವ್ವನ ದನಿ, ಕೆಂದಿಯ ಹಾಲು

ದೊಡ್ಡವ್ವನ ದನಿ ಹೊರಡಿಸಬೇಕಾದರೆ ಮೊದಲು ಎಡಗೆನ್ನೆಯೊಳಗೆ ಒಂದು ಸಣ್ಣ ನಿಂಬೆಹಣ್ಣು ತುರುಕಿಕೊಳ್ಳಬೇಕು. ಅವಳ ಆ ಕೆನ್ನೆ ಬೆಳಗಿನಿಂದ ಬೈಗಿನ ತನಕ ಎಲೆಅಡಿಕೆ, ಹೊಗೆಸೊಪ್ಪಿನಿಂದ ಊದಿಕೊಂಡೇ ಇರುತ್ತಿತ್ತು. ಹಾಗಾಗಿ ಮಾತುಗಳೆಲ್ಲ ಬಲಗಡೆಯ ಬಾಯಿಮೂಲೆಯಿಂದ, ಒಂಚೂರು ಒದ್ದೆಯಾಗಿ, ಒಂಚೂರು ಸೀಟಿ ಹೊಡೆದುಕೊಂಡು ಹೊರಗೆ ಬರುತ್ತಿದ್ದವು. ಕುತ್ತಿಗೆ ಬಲಕ್ಕೆ ವಾಲಬೇಕು, ಎಡಗೈ ಸೊಂಟದ ಮೇಲಿರಬೇಕು. ಆಮೇಲೆ "ಯಾವನ್ಲಾ ಅವ್ನು ನನ್ ಬೇಲಿ ಮುರ್ದೋನು?" ಅಂದರೆ ಸಾಕು, ಕಣ್ಣು ಮುಚ್ಚಿ ಕೂತ ಮಗುವೂ ದೊಡ್ಡವ್ವ ಬಂದಳು ಅಂತ ಎದ್ದು ಓಡುತ್ತಿತ್ತು.

ಇದನ್ನು ನಾನು ದಿನಾ ಸಂಜೆ ಡೈರಿ ಮುಂದಿನ ಕಟ್ಟೆಯ ಮೇಲೆ ಮಾಡುತ್ತಿದ್ದೆ. ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸ ಇರಲಿಲ್ಲ, ನನಗಂತೂ ಯಾವ ಕೆಲಸವೂ ಇರಲಿಲ್ಲ. ಪಿಯುಸಿಯಲ್ಲಿ ಇಂಗ್ಲಿಷು ನನ್ನನ್ನು ಬಿಟ್ಟುಕೊಡಲು ಒಪ್ಪದೆ ಮತ್ತೆ ಮತ್ತೆ ಹಿಡಿದು ಕೂರಿಸುತ್ತಿದ್ದ ಕಾಲ ಅದು. ಒಣಕಡ್ಡಿಯಂಥ ಕಾಲು, ಎತ್ತಿ ನಿಲ್ಲಿಸಿದ ಕಾಲರು, ಬಾಯಿ ಮಾತ್ರ ನೂರು ಜನರದು. ಡೈರಿ ಸೆಕ್ರೆಟರಿ ಮೂಗಿನಲ್ಲಿ "ನೀರೈತೆ ಅಂತ ನಾನ್ ಯೋಳ್ತಿಲ್ಲ, ಮೀಟ್ರು ಯೋಳ್ತದೆ" ಅನ್ನುವುದು, ದೊಡ್ಡವ್ವನ ಗಂಡ ದೊಡ್ಡಪ್ಪ ಒಂದು ಮಾತಿಗೆ ಮುಂಚೆ ಎರಡು ಸಲ ಕೆಮ್ಮುವುದು, ಎಲ್ಲ ನನ್ನ ಬಾಯಲ್ಲಿ ಇರುತ್ತಿತ್ತು. ಕೆಲವರು ಸಿಟ್ಟಾಗುತ್ತಿದ್ದರು. ದೊಡ್ಡವ್ವ ಮಾತ್ರ ಸಾಲಿನ ಕೊನೆಯಲ್ಲಿ ಬಂದು ನಿಂತು, "ಏನ್ಲಾ, ನಂದು ಮುಗ್ದೋಯ್ತಾ? ಇನ್ನೊಂದ್ ದಪ ಮಾಡು, ನಾನ್ ನೋಡ್ನಿಲ್ಲ" ಅನ್ನುತ್ತಿದ್ದಳು. ಮಾಡಿದರೆ ಗಂಭೀರವಾಗಿ ನೋಡಿ, "ವಸಿ ಕಮ್ಮಿಯಾಯ್ತು" ಅನ್ನುತ್ತಿದ್ದಳು. ಏನು ಕಮ್ಮಿ ಅಂತ ಮಾತ್ರ ಹೇಳುತ್ತಿರಲಿಲ್ಲ.

ಅವಳು ನಮಗೆ ರಕ್ತಸಂಬಂಧವಲ್ಲ, ಗೋಡೆ ಸಂಬಂಧ. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅದರ ಮೇಲಿಂದ ನುಗ್ಗೆಕಾಯಿ ಈಕಡೆ ಬರುತ್ತಿತ್ತು, ಸೋರೆಕಾಯಿ ಆಕಡೆ ಹೋಗುತ್ತಿತ್ತು, ಮಜ್ಜಿಗೆ ಚೊಂಬು ಎರಡೂ ಕಡೆ ಓಡಾಡುತ್ತಿತ್ತು. ಒಂದು ತುಂಡು ಗದ್ದೆ, ಒಂದು ಚೂರು ಹೊಲ, ನಾಲ್ಕಾರು ಕೋಳಿ, ಒಂದು ಹಸು. ದೊಡ್ಡಪ್ಪ ಮತ್ತು ದೊಡ್ಡವ್ವನ ಸಂಸಾರ ಅಷ್ಟರಲ್ಲೇ ನೆಟ್ಟಗೆ ನಡೆಯುತ್ತಿತ್ತು.

ಹಸುವಿನ ಹೆಸರು ಕೆಂದಿ. ಆ ವರ್ಷ ಬೇಸಿಗೆಯಲ್ಲಿ ಈದಿತ್ತು. ಕರು ಹೆಚ್ಚು ದಿನ ಉಳಿಯಲಿಲ್ಲ. ಕರು ಇಲ್ಲದ ಹಸು ಹಾಲು ಇಳಿಸುವುದಿಲ್ಲ ಅಂತ, ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದು ನಮ್ಮ ಕಡೆ ಮಾಮೂಲು. ಹಸು ಅದನ್ನು ನೆಕ್ಕುತ್ತಾ ಹಾಲು ಬಿಡುತ್ತದೆ. ಆ ಕೆಲಸ ಬಲ್ಲವನೊಬ್ಬ ಬಂದು ಅಂಗಳದಲ್ಲಿ ಕೂತಾಗ ದೊಡ್ಡವ್ವ ಅವನ ಮುಂದೆ ಕಾಫಿ ಇಟ್ಟು, ಕುಡಿಯುವವರೆಗೂ ಕಾದು, ಆಮೇಲೆ ಕೇಳಿದಳು:

"ಅದ್ರ ಮಗೀನ ಅದ್ರ ಮುಂದೇನೇ ಬೊಂಬೆ ಮಾಡಿ ನಿಲ್ಲುಸ್ತೀಯಾ? ಮೋಸ ಮಾಡಿ ಕರ್ದಿದ್ ಆಲ್ನ ನಾನ್ ಎಂಗ್ ಕುಡೀಲಪ್ಪ?"

ಅವನು ಕಾಫಿ ಲೋಟ ತೊಳೆದಿಟ್ಟು ಹೋದ. ಮಾರನೆಯ ದಿನದಿಂದ ದೊಡ್ಡವ್ವ ಕೊಟ್ಟಿಗೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಒಳಗೆ ಕೂರತೊಡಗಿದಳು. ಹೋಗುವ ಮುಂಚೆ ಕಲ್ಲುಬಾನಿಯ ಹತ್ತಿರ ನಿಂತು ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಮುಖ ತೊಳೆಯುತ್ತಿದ್ದಳು. ಮಡಿ ಇರಬೇಕು ಅಂತ ನಾವಂದುಕೊಂಡೆವು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಬಕೀಟಿನ ತುಂಬ ನೊರೆಹಾಲು ಹಿಡಿದು ಹೊರಗೆ ಬರುತ್ತಿದ್ದಳು. ಏನು ಮಾಡಿದೆ ಅಂದರೆ, "ಏನಿಲ್ಲ ಕಣ್ಲಾ, ಕುಂತಿದ್ದೆ" ಅನ್ನುತ್ತಿದ್ದಳು.

ಬೇಸಿಗೆ ಕೊನೆಗೆ ಬಂತು. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ಹುಲ್ಲಿನ ಮೆದೆ ಕರಗಿ ಅದರ ಕೆಳಗಿನ ಕಲ್ಲುಗಳು ಕಾಣುತ್ತಿದ್ದವು. ಹೆಂಗಸರು ಮಳೆ ಬೀಳುವುದರೊಳಗೆ ಅಂತ ಸಂಡಿಗೆ ಹಾಕಿ, ಹುಣಸೆಹಣ್ಣು ಕುಟ್ಟಿ, ಬಿತ್ತನೆ ರಾಗಿ ಕೇರಿ ಇಡುತ್ತಿದ್ದರು. ಗಂಡಸರು ಮೋಡ ನೋಡುತ್ತಿದ್ದರು; ಅದನ್ನೂ ಕೆಲಸ ಅಂತಲೇ ಹೇಳಿಕೊಳ್ಳುತ್ತಿದ್ದರು. ಅಂಥ ಒಂದು ಬೆಳಿಗ್ಗೆ ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳು. ಮೈಸೂರಿನ ದೊಡ್ಡಾಸ್ಪತ್ರೆಗೆ ಹಾಕಿದರು, ಆಪರೇಷನ್ನೇ ಆಯಿತು. ಅವಳ ತಂಗಿ ಜೊತೆಗೆ ಉಳಿದಳು. ಪ್ರಾಣಕ್ಕೆ ಭಯವಿಲ್ಲ ಅಂತ ತಿಳಿದ ಮೇಲೆ ದೊಡ್ಡಪ್ಪ ಊರಿಗೆ ಬಂದು ಕೊಟ್ಟಿಗೆ ಮುಂದೆ ನಿಂತು ಎರಡು ಸಲ ಕೆಮ್ಮಿದ.

ಕೆಂದಿ ಅವನನ್ನು ಹತ್ತಿರ ಬಿಡಲಿಲ್ಲ. ನನ್ನ ಅವ್ವ ಹೋದಳು, ಅವಳನ್ನೂ ಬಿಡಲಿಲ್ಲ. ಯಾರೋ ಹೇಳಿದರು, ದೊಡ್ಡವ್ವನ ಸೀರೆ ಉಟ್ಟುಕೊಂಡು ಹೋದರೆ ವಾಸನೆಗೆ ಒಲಿಯುತ್ತದೆ ಅಂತ. ದೊಡ್ಡಪ್ಪ ಉಟ್ಟ. ನೀಲಿ ಚೌಕುಳಿ ಸೀರೆ, ತಲೆ ಮೇಲೆ ಸೆರಗು, ಸೆರಗಿನ ಕೆಳಗೆ ಬಿಳಿ ಮೀಸೆ. ನಾಚಿಕೆಗೆ ಬೀಡಿ ಬೇರೆ ಹಚ್ಚಿಕೊಂಡಿದ್ದ. ಕೆಂದಿ ಒಂದು ಸಲ ತಿರುಗಿ ನೋಡಿ, ಹೊಸದಾಗಿ ಬಂದ ಈ ಸೊಸೆಯನ್ನು ಚೊಂಬಿನ ಸಮೇತ ಗೋಡೆಗೆ ಕಳಿಸಿತು.

"ದನಿ ಬೇಕು ಕಣ್ಲಾ ಅದ್ಕೆ" ಅಂದ ದೊಡ್ಡಪ್ಪ, ಮೊಣಕೈ ಉಜ್ಜಿಕೊಳ್ಳುತ್ತಾ. "ನೀನ್ ಮಾಡ್ತೀಯಲ್ಲ ಡೈರಿ ತಾವ, ಅದ್ನೇ ಮಾಡು."

ನನ್ನ ಎದೆ ಹೇಗೆ ಉಬ್ಬಿತು ಅಂತೀರಿ! ಸಂಜೆ ಆಯಿತು. ಅರ್ಧ ಊರೇ ಕೊಟ್ಟಿಗೆಯ ಹೊರಗೆ ನಿಂತಿತ್ತು. ಸೀರೆ ಸುತ್ತಿಕೊಂಡು, ಎಡಗೆನ್ನೆಗೆ ನಿಂಬೆಹಣ್ಣು ಇಟ್ಟುಕೊಂಡು, ಕುತ್ತಿಗೆ ವಾಲಿಸಿ, "ಏನವ್ವ ಕೆಂದೀ, ಏನ್ ನಿನ್ ದವಲತ್ತು?" ಅಂದೆ. ಹೊರಗೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂದಿ ನಗಲಿಲ್ಲ. ಅದರ ಒಂದೇ ಏಟಿಗೆ ನಿಂಬೆಹಣ್ಣು ನನ್ನ ಬಾಯಿಂದ ಹಾರಿ ಮೇವು ಹಾಕುವ ಗೊಂತಿಗೆ ಬಿತ್ತು. ಮುಟ್ಟಿ ನೋಡಿದ್ದೆ, ಕೆಚ್ಚಲು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ನೋವಿಗೆ ಹಸು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿತ್ತು.

ಜನ ಹೋದ ಮೇಲೆ ದೊಡ್ಡಪ್ಪ ಜಗುಲಿಯಲ್ಲಿ ಕೂತು ಹೇಳಿದ, ನಾಗಮಂಗಲದ ಕಡೆಯ ದಲ್ಲಾಳಿಗೆ ಹೇಳಿಕಳಿಸಿದ್ದೀನಿ, ನಾಳಿದ್ದು ಬಂದು ಹೊಡೆದುಕೊಂಡು ಹೋಗ್ತಾನೆ ಅಂತ. "ಕೆಚ್ಲು ಬಾವ್ ಬಂದು ಕೊಟ್ಗೇಲೇ ಬಿದ್ಕಳದ್ನ ನಾನ್ ನೋಡ್ನಾರೆ. ಅವ್ಳು ಬರಗಂಟ ಕಾಯಕ್ಕಾಯ್ತದಾ?"

"ದೊಡ್ಡವ್ವಂಗೆ ಏನ್ ಯೋಳ್ತೀಯ?"

ಅವನು ಕೆಮ್ಮಿದ. ಇನ್ನೊಂದು ಸಲ ಕೆಮ್ಮಿ, ಎದ್ದು ಕೊಟ್ಟಿಗೆಯ ಕಡೆಗೆ ಹೋದ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಶ್ರೀರಂಗಪಟ್ಟಣ ದಾಟುವ ತನಕ, ದೊಡ್ಡವ್ವನನ್ನು ಹೇಗೆ ಕೇಳಬೇಕು ಅಂತ ಯಾರ್ಯಾರದೋ ದನಿಯಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವನು ಎದ್ದು ಹಿಂದಿನ ಸೀಟಿಗೆ ಹೋದ.

ಹೆಂಗಸರ ವಾರ್ಡಿನಲ್ಲಿ ನನಗೆ ಅವಳ ಗುರುತೇ ಸಿಗಲಿಲ್ಲ. ಎಡಗೆನ್ನೆ ಇಳಿದುಹೋಗಿತ್ತು. ನರ್ಸಮ್ಮ ಎಲೆಅಡಿಕೆ ಚೀಲ ಕಿತ್ತಿಟ್ಟಿದ್ದರಂತೆ. "ಯಾಕ್ ಮಗ, ಕೆಂದಿ ಎಂಗದೆ?" ಅಂದಳು. ನಾನು ಬೆಚ್ಚಿದೆ. ಒದ್ದೆ ಇಲ್ಲ, ಸೀಟಿ ಇಲ್ಲ. ತೆಳ್ಳಗೆ, ಕೆಳಗಿನ ಸ್ಥಾಯಿಯ ಬೇರೆಯದೇ ದನಿ. ಬಾಯಿ ಮುಕ್ಕಳಿಸಿ ಕೊಟ್ಟಿಗೆಗೆ ಹೋಗುತ್ತಿದ್ದಳಲ್ಲ! ಊರೆಲ್ಲ ನಗುತ್ತಿದ್ದ ಆ ನಿಂಬೆಹಣ್ಣಿನ ದನಿಯನ್ನು ಕೆಂದಿ ಹತ್ತಿರದಿಂದ ಯಾವತ್ತೂ ಕೇಳಿರಲೇ ಇಲ್ಲ.

ಎಲ್ಲ ಹೇಳಿದೆ. ದೊಡ್ಡಪ್ಪ ಸೀರೆ ಉಟ್ಟದ್ದು ಹೇಳುವಾಗ ಅವಳು ಹೊಟ್ಟೆ ಒತ್ತಿಹಿಡಿದು, "ನಗುಸ್ಬ್ಯಾಡ ಕಣ್ಲಾ, ಒಲ್ಗೆ ಬಿಚ್ಕತದೆ" ಅಂತ ಕಣ್ಣಲ್ಲಿ ನೀರು ಹಾಕಿದಳು. ದಲ್ಲಾಳಿಯ ವಿಷಯ ಹೇಳಿದಾಗ ಆ ನೀರು ಅಲ್ಲೇ ನಿಂತಿತು.

"ಕರೂನೂ ಓಯ್ತು, ನಾನೂ ಬುಟ್ಟು ಬಂದೆ, ಈಗ ಮನೆಯಿಂದ್ಲೂ ಅಟ್ತಾರಾ ಅದ್ನ?"

"ನೀನ್ ಅದ್ರ ತಾವ ಏನ್ ಮಾತಾಡ್ತೀಯ, ಅದ್ನ ಯೋಳ್ಕೊಡು ದೊಡ್ಡವ್ವ."

ಅವಳಿಗೆ ನಾಚಿಕೆ ಬಂತು. ಅವಳ ಮುಖದಲ್ಲಿ ನಾಚಿಕೆ ನೋಡಿದ್ದು ಅದೇ ಮೊದಲು. ಕೊನೆಗೆ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಸುದ್ದಿ ಯೋಳ್ತೀನಿ ಕಣ್ಲಾ. ದಿನದ್ ಸುದ್ದಿ. ಯಾರ್ ಬಂದ್ರು, ಏನಂದ್ರು ಅಂತ. ಬರೀ ಯೋಳುದ್ರೆ ಅದು ಕೇಳಲ್ಲ, ಅವ್ರಂಗೇ ಯೋಳ್ಬೇಕು."

ಹಾಗಂದು ಮಾಡಿ ತೋರಿಸಿದಳು. ಡೈರಿ ಸೆಕ್ರೆಟರಿ ಬಂದ. ಮೂಗು ಮಾತ್ರವಲ್ಲ, ಮೀಟರು ಎತ್ತಿ ನೋಡುವಾಗ ಅವನು ಉಸಿರು ಕಟ್ಟುವುದೂ ಬಂತು. ದೊಡ್ಡಪ್ಪ ಬಂದ. ಎರಡು ಕೆಮ್ಮಿನ ನಡುವೆ ಅವನು ಹೇಳಬೇಕೆಂದಿದ್ದ ಮಾತನ್ನು ನುಂಗುವ ಸಣ್ಣ ಸದ್ದು ಕೇಳಿಸಿತು. ಅದನ್ನು ನಾನು ಇಷ್ಟು ವರ್ಷವೂ ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅವಳು ಮೂಗು ಎಳೆದು, ಇಲ್ಲದ ಕಾಲರು ಎತ್ತಿ, ಯಾರಾದರೂ ನೋಡುತ್ತಿದ್ದಾರಾ ಅಂತ ಓರೆಗಣ್ಣು ಹಾಯಿಸಿ, "ಏಯ್, ಇದ್ ನೋಡಿ, ಇದ್ ನೋಡಿ" ಅಂದಳು. ಪಕ್ಕದ ಮಂಚದಲ್ಲಿದ್ದ ಶ್ರೀರಂಗಪಟ್ಟಣದ ಸಾಬರ ಹೆಂಗಸು ನನ್ನ ಮುಖ ನೋಡಿ, ಅವಳ ಮುಖ ನೋಡಿ, "ಯಾ ಅಲ್ಲಾ, ಈ ಹುಡುಗಾನೇ!" ಅಂತ ಬಾಯಿಗೆ ಸೆರಗು ತುರುಕಿಕೊಂಡಳು.

ಊರಿನವರನ್ನೆಲ್ಲ ಅಣಕಿಸಿದ ನನ್ನನ್ನು ಅಣಕಿಸಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಕಿವಿಯ ತನಕ ಬಿಸಿಯಾಯಿತು. "ನಾನ್ ಅಂಗೆ ಮಾಡ್ತೀನಾ?" ಅಂದೆ.

"ಊಂ. ಯಾರೂ ನೋಡ್ದಿದ್ರೆ ನಿಂಗೆ ದನೀನೇ ಬರಕಿಲ್ಲ. ಅದೇ ಕಣ್ಲಾ ವಸಿ ಕಮ್ಮಿ." ನನ್ನ ಕೈ ತಟ್ಟಿದಳು. "ಓಗು. ಬಾಗ್ಲು ಮುಂದುಕ್ ಮಾಡ್ಕ. ಬಾಯ್ ತೊಳ್ಕ. 'ಬಂದೆ ಕಣವ್ವ, ಇರು' ಅಂತ ನನ್ನಂಗೆ ಅನ್ನು. ಆಮ್ಯಾಕೆ ನಾನ್ ಆಸ್ಪತ್ರೇಲವ್ನಿ, ವಟ್ಟೆ ಕುಯ್ದವ್ರೆ ಅಂತ ಯೋಳು. ಸುಳ್ ಯೋಳ್ಬ್ಯಾಡ ಅದ್ಕೆ."

ಸಂಜೆ ಹೊರಗೆ ಒಬ್ಬರನ್ನೂ ನಿಲ್ಲಗೊಡಲಿಲ್ಲ. ಸೀರೆ ಇಲ್ಲ, ನಿಂಬೆಹಣ್ಣು ಇಲ್ಲ. ಬಾಯಿ ಮುಕ್ಕಳಿಸಿ ಒಳಗೆ ಹೋಗಿ, "ಬಂದೆ ಕಣವ್ವ, ಇರು" ಅಂದೆ. ಕೆಂದಿಯ ಕಿವಿ ನನ್ನ ಕಡೆ ತಿರುಗಿತು. ನರ್ಸಮ್ಮನನ್ನು ಮಾಡಿದೆ, ಕಂಡಕ್ಟರನ್ನು ಮಾಡಿದೆ, ಸಾಬರ ಹೆಂಗಸನ್ನು ಮಾಡಿದೆ. ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ ದೊಡ್ಡವ್ವನ ಮಂಚ, ಅವಳ ಇಳಿದ ಕೆನ್ನೆ, ಹೊಲಿಗೆ ಎಲ್ಲ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ. ಹಸು ಒಂದು ದೊಡ್ಡ ಉಸಿರು ಬಿಟ್ಟು ಹಿಂಗಾಲು ಅಗಲಿಸಿ ನಿಂತುಕೊಂಡಿತು. ಬೆರಳಿಗೆ ಮೊಲೆ ಮೆತ್ತಗಾಯಿತು. ಮೊದಲ ಧಾರೆ ಬಕೀಟಿನ ತಳಕ್ಕೆ ಬಿದ್ದ ಸದ್ದು ಕೇಳಿ ಹೊರಗೆ ಯಾರೋ ಕೆಮ್ಮಿದರು, ಎರಡು ಸಲ.

ದಲ್ಲಾಳಿ ಬಂದವನು ಕಾಫಿ ಕುಡಿದು ವಾಪಸು ಹೋದ.

ದೊಡ್ಡವ್ವ ಬರುವ ಹೊತ್ತಿಗೆ ಮೊದಲ ಮಳೆ ಬಿದ್ದು ಹೊಲ ಉಳುತ್ತಿದ್ದರು. ಬಾಡಿಗೆ ಕಾರಿನಿಂದ ಇಳಿದವಳು ಮನೆಯೊಳಗೆ ಹೋಗದೆ ನೇರ ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರಿದಳು. "ಏನೇನ್ ಚಾಡಿ ಯೋಳವ್ನವ್ವ ಇವ್ನು ನಿಂಗೆ?" ಅಂದಳು. ಅವತ್ತಿನಿಂದ ಕೊಟ್ಟಿಗೆಯೊಳಗೆ ಹೋಗಲು ನನಗೂ ಅಪ್ಪಣೆ ಸಿಕ್ಕಿತು. ಅವಳು ಹಾಲು ಕರೆಯುತ್ತಿದ್ದಳು, ನಾನು ಗೊಂತಿನ ಮೇಲೆ ಕೂತು ಕೇಳುತ್ತಿದ್ದೆ. ನಮ್ಮಲ್ಲಿ ಯಾರು ಯಾರನ್ನು ಚೆನ್ನಾಗಿ ಮಾಡುತ್ತಾರೆ ಅಂತ ತೀರ್ಪು ಕೊಡುತ್ತಿದ್ದದ್ದು ಕೆಂದಿ. ನಾನು ಸೋಲುತ್ತಿದ್ದೆ. ಇವತ್ತು ನನಗೆ ಒಬ್ಬ ಮನುಷ್ಯನ ಮಾತಿನ ಹಿಂದೆ ಇನ್ನೊಂದು ಚೂರು ಕೇಳಿಸುತ್ತದೆ ಅಂದರೆ, ಅದು ಆ ಸಗಣಿ ನೆಲದ ಮೇಲೆ ಕಲಿತದ್ದು.

ಆಮೇಲೆ ಕೆಂದಿ ಮತ್ತೆ ಈದಿತು. ಕರು ಉಳಿಯಿತು, ಆದರೂ ಸುದ್ದಿ ಕೇಳದೆ ಹಾಲು ಇಳಿಸುತ್ತಿರಲಿಲ್ಲ. ಅಭ್ಯಾಸ ಕೆಟ್ಟದ್ದು.

ಹೋದ ವರ್ಷ, ಹೀಗೇ ಬೇಸಿಗೆಯ ಕೊನೆ. ದೊಡ್ಡವ್ವ ಮಧ್ಯಾಹ್ನ ಸಂಡಿಗೆ ಕಾಯುತ್ತಾ ಸೂರಿನ ನೆರಳಲ್ಲಿ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಳು. ಕಾಗೆ ಓಡಿಸುವ ಕೋಲು ಕೈಯಲ್ಲೇ ಇತ್ತು. ಎಡಗೆನ್ನೆ ಊದಿಕೊಂಡೇ ಇತ್ತು.

ಸಂಜೆಗೆ ಅಂಗಳದ ತುಂಬ ಜನ. ಕೊಟ್ಟಿಗೆಯಿಂದ ಕೆಂದಿ ಕೂಗತೊಡಗಿತು. ಗೋಡೆ ಹಿಡಿದು ಕೂತಿದ್ದ ದೊಡ್ಡಪ್ಪ ನನ್ನ ಕಡೆ ನೋಡಿದ. ಕೆಮ್ಮಲಿಲ್ಲ. "ಆಲುತುಪ್ಪಕ್ಕೆ ಬ್ಯಾರೆ ಮನೆ ಆಲು ಬ್ಯಾಡ ಕಣ್ ಮಗ" ಅಂದ, ಅಷ್ಟೆ.

ಬಾಯಿ ಮುಕ್ಕಳಿಸಿದೆ. ಬಾಗಿಲು ಮುಂದಕ್ಕೆ ಎಳೆದುಕೊಂಡೆ. "ಬಂದೆ ಕಣವ್ವ, ಇರು" ಅಂತ ಅವಳ ದನಿಯಲ್ಲಿ ಅಂದೆ. ಕಿವಿ ತಿರುಗಿತು. ಆದರೆ ಅವತ್ತಿನ ಸುದ್ದಿ ಅವಳ ದನಿಯಲ್ಲಿ ಹೇಳುವಂಥದ್ದಲ್ಲ. ಸೆಕ್ರೆಟರಿಯ ಮೂಗಿನಲ್ಲಿ, ದೊಡ್ಡಪ್ಪನ ಕೆಮ್ಮಿನಲ್ಲಿ ಹೇಳುವಂಥದ್ದೂ ಅಲ್ಲ. ನನ್ನ ಹತ್ತಿರ ಇದ್ದ ದನಿಗಳನ್ನೆಲ್ಲ ಹುಡುಕಿದೆ. ಸುಳ್ಳು ಹೇಳಬೇಡ ಅಂದಿದ್ದಳು.

ಹಣೆಯನ್ನು ಅದರ ಹೊಟ್ಟೆಗೆ ಆನಿಸಿ, "ಕೆಂದಿ, ದೊಡ್ಡವ್ವ ಓಗ್ಬುಟ್ಲು ಕಣೆ" ಅಂದೆ. ಒಡಕು, ಸಣ್ಣ, ಯಾರದ್ದೋ ಅನ್ನಿಸುವಂಥ ದನಿ. ನನ್ನದೇ ಇರಬೇಕು, ಯಾಕೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹಸು ಒಂದು ದೊಡ್ಡ ಉಸಿರು ಬಿಟ್ಟಿತು. ಆಮೇಲೆ ಹಿಂಗಾಲು ಅಗಲಿಸಿತು.

ಹಾಲುತುಪ್ಪದ ದಿನ ಅವಳನ್ನು ಮಲಗಿಸಿದ ಮಣ್ಣಿನ ಮೇಲೆ ಎರೆದದ್ದು ಕೆಂದಿಯ ಹಾಲನ್ನೇ.